ಚಿಕ್ಕಪ್ಪ ಕೊಡಿಸಿದ ಮಲಗುವ ಸೀಟು

ನಮ್ಮ ಚಿಕ್ಕಪ್ಪ ಜೀವಮಾನದಲ್ಲಿ ವಿಮಾನದ ಟಿಕೆಟ್ಟಿಗೆ ದುಡ್ಡು ಕೊಟ್ಟವರಲ್ಲ. ತೆರಿಗೆ ಕಟ್ಟಿದ್ದಾರೆ, ಅದನ್ನೂ ಹಲ್ಲು ಕಚ್ಚಿಕೊಂಡು. ಉಳಿದದ್ದೆಲ್ಲ ಕಾರ್ಡಿನಲ್ಲಿ ಖರ್ಚು ಮಾಡಿದ್ದಕ್ಕೆ ಬ್ಯಾಂಕು ಕೊಡುವ ಪಾಯಿಂಟು. ಅವರದು ಕನ್ನಡಕದ ಅಂಗಡಿ. ಗೋಡೆ ತುಂಬ ಫ್ರೇಮು, ಒಳಗೆ ಪರದೆಯ ಹಿಂದೆ ಗಾಜು ಉಜ್ಜುವ ಒಂದು ಹಳೆಯ ಯಂತ್ರ. ಅಂಗಡಿಗೆ ಬರುವ ಗಾಜಿನಿಂದ ಹಿಡಿದು ಮನೆಯ ಸೋಪಿನವರೆಗೆ ಎಲ್ಲವೂ ಕ್ರೆಡಿಟ್ ಕಾರ್ಡಿನಲ್ಲಿ. ಪಕ್ಕದ ಅಂಗಡಿಯವನು ಫ್ರಿಜ್ ಕೊಳ್ಳುತ್ತೇನೆ ಅಂದರೆ ಸಾಕು, ಚಿಕ್ಕಪ್ಪ ಚಪ್ಪಲಿ ಮೆಟ್ಟಿಕೊಂಡು ಅವನ ಹಿಂದೆಯೇ ಹೊರಡುವರು. "ನನ್ನ ಕಾರ್ಡಲ್ಲಿ ತಗೋ, ನಂಗೆ ಕ್ಯಾಶ್ ಕೊಡು. ನಿನ್ನ ಗಂಟೇನು ಹೋಗತ್ತೆ?" ಬೀದಿಯವರು ಅವರನ್ನು ಪಾಯಿಂಟ್ ಸಾಹುಕಾರ್ ಎಂದು ಎದುರಿಗೇ ಕರೆಯುತ್ತಿದ್ದರು. ಚಿಕ್ಕಪ್ಪ ಅದನ್ನು ಬಿರುದು ಎಂದೇ ತಿಳಿದಿದ್ದರು.

ನಾನು ಆ ಅಂಗಡಿಯ ಕೌಂಟರಿನ ಮೇಲೆ ಕೂತು, ಗಾಜಿಲ್ಲದ ಫ್ರೇಮು ಮೂಗಿಗೇರಿಸಿಕೊಂಡು ಬೆಳೆದವಳು. ಹನ್ನೆರಡು ವರ್ಷದ ಹಿಂದೆ ಅಪ್ಪನ ಕೆಲಸದ ದೆಸೆಯಿಂದ ನಾವು ಸಮುದ್ರ ದಾಟಿ ಈ ಊರಿಗೆ ಬಂದೆವು. ಅಪ್ಪ ಹೋದ ಮೇಲೆ ಮನೆಯಲ್ಲಿ ಅಮ್ಮ, ನಾನು ಇಬ್ಬರೇ. ನಾನು ಶಾಲೆಯ ವ್ಯಾನ್ ಓಡಿಸುತ್ತೇನೆ. ವಯಸ್ಸು ನಲವತ್ತು ದಾಟಿದರೂ ಪ್ರತಿ ಭಾನುವಾರ ಚಿಕ್ಕಪ್ಪನ ಫೋನು ಬರುತ್ತದೆ: "ಪುಟ್ಟೀ, ಡೀಸೆಲ್ ಯಾವ ಕಾರ್ಡಲ್ಲಿ ಹಾಕಿಸ್ತಿದ್ದೀಯ?" ಕ್ಯಾಶು ಎಂದರೆ ಆ ಕಡೆಯಿಂದ ಕೇಳಿಬರುವ ನಿಟ್ಟುಸಿರಿದೆಯಲ್ಲ, ಸಾವಿನ ಮನೆಯಲ್ಲೂ ಯಾರೂ ಅಷ್ಟು ಉದ್ದ ಬಿಡುವುದಿಲ್ಲ.

ಇಷ್ಟೆಲ್ಲ ಪಾಯಿಂಟಿದ್ದರೂ ಅಮ್ಮನ ತಂಗಿಯಾದ ಚಿಕ್ಕಮ್ಮನನ್ನು ಒಮ್ಮೆ ನಮ್ಮ ಮನೆಗೆ ಕರೆದುಕೊಂಡು ಬರಲು ಹನ್ನೆರಡು ವರ್ಷದಿಂದ ಅವರಿಗೆ ಆಗಿರಲಿಲ್ಲ. ಕಾರಣ ಯಾವಾಗಲೂ ಒಂದೇ. "ಈಗ ಆ ಸೀಟಿಗೆ ಜಾಸ್ತಿ ಪಾಯಿಂಟ್ ಕೇಳ್ತಿದ್ದಾರೆ. ಸ್ವಲ್ಪ ಇಳೀಲಿ." ಅದು ಇಳಿಯಲಿಲ್ಲ. ಅಮ್ಮ ಮೊದಮೊದಲು ನಕ್ಕಳು, ಆಮೇಲೆ ಕೇಳುವುದನ್ನೇ ಬಿಟ್ಟಳು. "ಅವಳಿಗೇ ಬರೋ ಮನಸ್ಸಿಲ್ಲ ಕಣೇ" ಎಂದು ಒಮ್ಮೆ ನನ್ನ ಹತ್ತಿರ ಅಂದದ್ದುಂಟು. ನನಗೆ ಚಿಕ್ಕಪ್ಪನ ಮೇಲೆ ಮೈಯೆಲ್ಲ ಉರಿಯುತ್ತಿತ್ತು.

ಈ ವರ್ಷ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಪರೇಷನ್ನಾದ ಮರುದಿನ ಕಣ್ಣು ಬಿಟ್ಟು ಮೊದಲು ಅಂದದ್ದು, "ತಂಗಿ ಬರಲಿ" ಎಂದು. ನಾನು ಫೋನಿನಲ್ಲಿ ಚಿಕ್ಕಪ್ಪನಿಗೆ ಅಷ್ಟನ್ನೇ ಹೇಳಿದೆ. ಪಾಯಿಂಟು ಇಳೀಲಿ ಅಂತ ಈ ಸಲ ಅವರು ಅನ್ನಲಿಲ್ಲ. ಅಂಗಡಿ ಬಾಗಿಲು ಹಾಕಿ ಕಂಪ್ಯೂಟರ್ ಮುಂದೆ ಕೂತರಂತೆ.

ಪಾಯಿಂಟಿನ ಸೀಟುಗಳ ಹಣೆಬರಹವೇ ಹಾಗೆ. ಇಡೀ ವಿಮಾನ ಖಾಲಿಯಿದ್ದರೂ ಕಂಪನಿಯವರು ಪಾಯಿಂಟಿಗೆಂದು ಬಿಡುವುದು ಒಂದೋ ಎರಡೋ. ಒಂದೇ ವಿಮಾನದಲ್ಲಿ ಎರಡು ಸೀಟು ಆ ತಿಂಗಳಿಡೀ ಸಿಗಲಿಲ್ಲ. ಸಿಕ್ಕಿದ್ದು ಒಂದೇ ದಿನ, ಎರಡು ಕಂಪನಿಗಳ ಎರಡು ವಿಮಾನಗಳಲ್ಲಿ ಒಂದೊಂದು. ಮೊದಲನೆಯದು ನೇರ ಬರುವ ವಿಮಾನ, ಹಿಂದಿನ ಸಾಲಿನಲ್ಲಿ ಟಾಯ್ಲೆಟ್ಟಿಗೆ ಅಂಟಿದ ಸೀಟು. ಇನ್ನೊಂದರಲ್ಲಿ ಮುಂದಿನ ದುಬಾರಿ ಭಾಗದ ಸೀಟು, ಹಾಸಿಗೆಯ ಹಾಗೆ ಚಾಚಿ ಮಲಗಬಹುದು. ಆದರೆ ನಡುವೆ ಒಂದು ದೊಡ್ಡ ನಿಲ್ದಾಣದಲ್ಲಿ ಇಳಿದು ವಿಮಾನ ಬದಲಿಸಬೇಕು. ಆ ವಾರವೇ ಬ್ಯಾಂಕಿನವರು ಕಾರ್ಡಿನ ಪಾಯಿಂಟನ್ನು ಈ ಎರಡನೆಯ ಕಂಪನಿಗೆ ವರ್ಗಾಯಿಸಿದರೆ ಕಾಲುಭಾಗ ಹೆಚ್ಚು ಕೊಡುತ್ತಿದ್ದರು. ಚಿಕ್ಕಪ್ಪನಿಗೆ ಸ್ವರ್ಗಕ್ಕೆ ಮೂರೇ ಗೇಣು. ಮಲಗುವ ಸೀಟನ್ನು ಹೆಂಡತಿಗೆ ತೆಗೆದರು, ಟಾಯ್ಲೆಟ್ ಪಕ್ಕದ್ದನ್ನು ತಾವಿಟ್ಟುಕೊಂಡರು.

ಮದುವೆಯಾಗಿ ನಲವತ್ತು ವರ್ಷದಲ್ಲಿ ಪಕ್ಕದ ಬೀದಿಗೂ ಒಬ್ಬಳೇ ಹೋಗದ ಹೆಂಗಸು ನಮ್ಮ ಚಿಕ್ಕಮ್ಮ. ಅವಳನ್ನು ಒಂಟಿಯಾಗಿ ಎರಡು ವಿಮಾನ ಹತ್ತಿಸಿ ಕಳಿಸುತ್ತಿದ್ದಾರೆ ಎಂದು ಕೇಳಿ ನಾನು ಫೋನಿನಲ್ಲಿ ಕೂಗಾಡಿದೆ.

"ರಾಣಿ ಥರ ಬರ್ತಾಳೆ ಸುಮ್ನಿರೇ. ಆ ಸೀಟಿನ ಬೆಲೆ ಗೊತ್ತಾ ನಿಂಗೆ?" ಎಂದರು ಚಿಕ್ಕಪ್ಪ.

ಆ ದಿನ ಬೆಳಿಗ್ಗೆ ನಾನು ವ್ಯಾನ್ ತೆಗೆದುಕೊಂಡು ವಿಮಾನ ನಿಲ್ದಾಣಕ್ಕೆ ಹೋದೆ. ಏಳಕ್ಕೆ ಚಿಕ್ಕಪ್ಪ ಬಂದಿಳಿದರು. ಕಾಲು ಊದಿತ್ತು, ಕಣ್ಣು ಕೆಂಪಗಿತ್ತು, ಮುಖದಲ್ಲಿ ಮಾತ್ರ ಗೆದ್ದವರ ಕಳೆ. "ಅವಳನ್ನ ಹತ್ತಿಸಿಯೇ ನಾನು ಹತ್ತಿದ್ದು. ಹನ್ನೊಂದಕ್ಕೆ ಬರ್ತಾಳೆ" ಎಂದು ಕಬ್ಬಿಣದ ಕುರ್ಚಿಯ ಮೇಲೆ ಕೂತರು. ಅಲ್ಲಿಂದ ಹನ್ನೊಂದರವರೆಗೆ ಚಿಕ್ಕಮ್ಮ ಈಗ ಏನು ಮಾಡುತ್ತಿರಬಹುದು ಎಂಬುದರ ವರ್ಣನೆ. ಈಗ ಬಿಸಿ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡಿರುತ್ತಾಳೆ. ಈಗ ಲೌಂಜಿನಲ್ಲಿ ಕೂತಿರುತ್ತಾಳೆ. ಲೌಂಜೆಂದರೆ ದುಬಾರಿ ಟಿಕೆಟ್ಟಿನವರು ಕಾಯುವ ಕೋಣೆ; ಮೆತ್ತನೆಯ ಸೋಫಾ, ಬೇಕಾದಷ್ಟು ತಿಂಡಿ, ಎಲ್ಲವೂ ಪುಕ್ಕಟೆ. "ಅಲ್ಲೇ ಕೂತಿರು, ಹೊತ್ತಾದಾಗ ಕರೀತಾರೆ ಅಂತ ಹೇಳಿ ಕಳಿಸಿದ್ದೀನಿ."

ಹನ್ನೊಂದರ ವಿಮಾನ ಹತ್ತು ನಿಮಿಷ ಮೊದಲೇ ಇಳಿಯಿತು. ಬಾಗಿಲು ತೆರೆದು ತಳ್ಳುಗಾಡಿಗಳು ಬರತೊಡಗಿದವು. ಚಿಕ್ಕಪ್ಪ ಕಂಬಿಯ ಮೇಲೆ ಮುಕ್ಕಾಲು ಮೈ ಆಚೆ ಚಾಚಿ ನಿಂತರು. ಮಕ್ಕಳು, ಸೂಟಿನವರು, ಗಿಟಾರ್ ಹೊತ್ತವನೊಬ್ಬ, ಕೊನೆಗೆ ಅದೇ ವಿಮಾನದ ಸಿಬ್ಬಂದಿ ತಮ್ಮ ಪುಟ್ಟ ಪೆಟ್ಟಿಗೆಗಳನ್ನು ಎಳೆದುಕೊಂಡು ಹೊರಟುಹೋದರು. ಬಾಗಿಲು ಮುಚ್ಚಿತು. ಚಿಕ್ಕಮ್ಮ ಬರಲಿಲ್ಲ.

"ಪೆಟ್ಟಿಗೆ ಬರೋದು ತಡವಾಗಿರತ್ತೆ" ಎಂದರು ಚಿಕ್ಕಪ್ಪ. ಇನ್ನೂ ಅರ್ಧ ಗಂಟೆ ಕಳೆಯಿತು. ಚಿಕ್ಕಮ್ಮನ ಫೋನಿಗೆ ಹೊರದೇಶದ ಸಂಪರ್ಕ ಹಾಕಿಸಿರಲಿಲ್ಲ. ಲೌಂಜಿನಲ್ಲಿ ಇಂಟರ್ನೆಟ್ ಪುಕ್ಕಟೆ ಸಿಗುವಾಗ ಯಾಕೆ ಎಂದು.

ಚಿಕ್ಕಮ್ಮನ ವಿಮಾನದ ಕಂಪನಿಯ ವಿಚಾರಣೆ ಕೌಂಟರಿನ ಹೆಂಗಸು ಪ್ರಯಾಣಿಕರ ವಿವರ ಕೊಡುವ ಹಾಗಿಲ್ಲ ಎಂದಳು. ಚಿಕ್ಕಪ್ಪನ ಮುಖ ನೋಡಿದವಳಿಗೆ ಏನನ್ನಿಸಿತೋ, ಪರದೆಯತ್ತ ತಿರುಗಿ ಬೆರಳಾಡಿಸಿದಳು. "ಮೊದಲನೇ ವಿಮಾನದಲ್ಲಿ ಬಂದಿದ್ದಾರೆ ಸರ್. ಎರಡನೇದು ಹತ್ತಿಲ್ಲ."

ಚಿಕ್ಕಪ್ಪ ಕೌಂಟರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ಮೇಡಂ, ನನ್ನ ಕಾರ್ಡಲ್ಲಿ ತುಂಬಾ ಪಾಯಿಂಟಿದೆ. ಅಷ್ಟೂ ತಗೊಂಬಿಡಿ. ಅವಳನ್ನ ಹುಡುಕಿಸಿ ಕೊಡಿ."

"ಸರ್, ಅದು ನಮ್ಮ ಕಂಪನಿ ಪಾಯಿಂಟಲ್ಲ" ಎಂದಳು ಅವಳು, ಬಹಳ ಮೆತ್ತಗೆ. "ನೀವು ಕೂತ್ಕೊಳ್ಳಿ. ಅಲ್ಲಿಗೆ ಫೋನ್ ಮಾಡಿ ಕೇಳ್ತೀನಿ."

ನಾನು ಹೊರಗೆ ಹೋಗಿ, ಮಧ್ಯಾಹ್ನದ ಮಕ್ಕಳ ಟ್ರಿಪ್ಪನ್ನು ಫೋನಿನಲ್ಲೇ ಇನ್ನೊಬ್ಬ ಡ್ರೈವರಿಗೆ ಒಪ್ಪಿಸಿ ಬಂದು ನೋಡಿದರೆ ಚಿಕ್ಕಪ್ಪ ಕುರ್ಚಿಯಲ್ಲಿ ಅರ್ಧಕ್ಕೆ ಅರ್ಧ ಇಳಿದುಹೋಗಿದ್ದರು. ನಾನು ಅವರನ್ನು ಸರಿಯಾಗಿ ತರಾಟೆಗೆ ತೆಗೆದುಕೊಳ್ಳಬೇಕೆಂದೇ ಬಂದವಳು. ಬಾಯಿ ತೆರೆಯುವ ಮೊದಲೇ ಅವರು ಹೇಳಿದರು.

"ಅವಳಿಗೆ ಕಿವಿ ಕೇಳಲ್ಲ ಪುಟ್ಟೀ."

ನನಗೆ ಅರ್ಥವಾಗಲಿಲ್ಲ.

"ಎಡಗಿವಿ ಪೂರ್ತಿ ಇಲ್ಲ. ಬಲಗಿವಿ ಅರ್ಧ. ಮದುವೆ ಆದ ಹೊಸದ್ರಲ್ಲೇ ಜ್ವರ ಬಂದು ಕಿವಿ ಹೋಯ್ತು. ಯಾರಿಗೂ ಹೇಳಕೂಡದು, ನಮ್ಮಕ್ಕಂಗಂತೂ ಹೇಳಲೇಕೂಡದು ಅಂತ ಆಣೆ ಹಾಕಿಸ್ಕೊಂಡಿದ್ದಾಳೆ. ಕಿವುಡಿ ಅಂತ ಎಲ್ಲರೂ ಅಯ್ಯೋ ಪಾಪ ಅಂತಾರಲ್ಲ, ಅದು ಅವಳಿಗಾಗಲ್ಲ."

ಆಗ ಒಂದೊಂದೇ ನೆನಪಾಯಿತು. ಯಾರೇ ಏನೇ ಕೇಳಲಿ, ಚಿಕ್ಕಪ್ಪ ಅದನ್ನೇ ತಿರುಗಿ ಜೋರಾಗಿ ಹೇಳುವರು. "ಏನು, ಟೀಗೆ ಸಕ್ಕರೆ ಎಷ್ಟು ಅಂತಾನಾ?" ನಾವು ಮಕ್ಕಳು ಅದನ್ನು ಅಣಕಿಸಿ ಬಿದ್ದು ಬಿದ್ದು ನಗುತ್ತಿದ್ದೆವು. ಅವರು ನಮ್ಮ ಮುಂದೆ ಪೆದ್ದರಾಗಿದ್ದದ್ದು ಚಿಕ್ಕಮ್ಮನಿಗೆ ಆ ಮಾತು ತಲುಪಲೆಂದು.

"ಮಲಗೋ ಸೀಟು ಸಿಕ್ತಲ್ಲ ಪುಟ್ಟೀ, ಅದನ್ನ ಬಿಟ್ಟು ಬೇರೇನೂ ಕಾಣಿಸ್ಲಿಲ್ಲ ನಂಗೆ. ಕರೀತಾರೆ ಅಂದ್ಬಿಟ್ಟೆ. ಕರೆದ್ರೆ ಅವಳಿಗೆ ಕೇಳಬೇಕಲ್ಲ?" ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಉಜ್ಜಿದರು. ಗಿರಾಕಿಗಳು ಹಾಗೆ ಉಜ್ಜಿದರೆ ಬೈಯುವ ಮನುಷ್ಯ. ಹನ್ನೆರಡು ವರ್ಷದಿಂದ ಕೂಡಿಟ್ಟ ಸಿಟ್ಟು ನನ್ನಲ್ಲಿ ಎಲ್ಲಿ ಹೋಯಿತೋ ಗೊತ್ತಿಲ್ಲ. ಸುಮ್ಮನೆ ಅವರ ಬೆನ್ನ ಮೇಲೆ ಕೈಯಿಟ್ಟು ಕೂತೆ.

ಒಂದೂವರೆಗೆ ಕೌಂಟರಿನ ಹೆಂಗಸು ತಾನೇ ಎದ್ದು ಬಂದಳು. ನಗುತ್ತಿದ್ದಳು. "ಸಿಕ್ಕಿದ್ರು ಸರ್. ಮುಂದಿನ ವಿಮಾನದಲ್ಲಿ ಕೂತಿದ್ದಾರೆ. ನಾಲ್ಕೂವರೆಗೆ ಇಲ್ಲಿರ್ತಾರೆ."

ಚಿಕ್ಕಪ್ಪ ಅವಳಿಗೆ ಕೈಮುಗಿದರು, ಆಮೇಲೆ ನನಗೆ ಮುಗಿದರು, ಪಕ್ಕದಲ್ಲಿ ನೆಲ ಒರೆಸುತ್ತಿದ್ದವನಿಗೂ ಮುಗಿದರು. ಯಂತ್ರದಿಂದ ಎರಡು ಕಾಫಿ ತಂದರು. ಮೊದಲ ಬಾರಿಗೆ ಬಿಲ್ಲನ್ನು ಕೈಯಾರೆ ಮುದುರಿ ಬಿಸಾಡಿದರು, ಕಾರ್ಡನ್ನು ಹೊರಗೇ ತೆಗೆಯದೆ ಕ್ಯಾಶ್ ಕೊಟ್ಟಿದ್ದರು.

ನಾಲ್ಕು ಮುಕ್ಕಾಲಿಗೆ ಬಾಗಿಲು ತೆರೆಯಿತು. ಚಿಕ್ಕಮ್ಮ ಎಲ್ಲರಿಗಿಂತ ಮುಂದಿದ್ದಳು. ಸಮವಸ್ತ್ರದ ಹುಡುಗಿಯೊಬ್ಬಳು ಅವಳ ಪೆಟ್ಟಿಗೆ ತಳ್ಳಿಕೊಂಡು ಬರುತ್ತಿದ್ದಳು. ತಲೆಗೂದಲು ಒಂದೆಳೆ ಕೆದರಿರಲಿಲ್ಲ. ಚಿಕ್ಕಪ್ಪ ಕಂಬಿಯ ಕೆಳಗೆ ನುಸುಳಿ, ಕಾವಲಿನವನ ಕೈಲಿ ಬೈಸಿಕೊಂಡು ಓಡಿದರು. ಹತ್ತಿರ ಹೋಗಿ ಏನೂ ಹೇಳಲಾಗದೆ ಅವಳ ಕೈಚೀಲವನ್ನು ಕಿತ್ತುಕೊಂಡು ಎದೆಗವಚಿಕೊಂಡರು.

"ಅದ್ರಲ್ಲಿ ಬಿಸ್ಕತ್ತಿದೆ, ಪುಡಿ ಆಗತ್ತೆ ರೀ" ಎಂದಳು ಚಿಕ್ಕಮ್ಮ.

ವ್ಯಾನಿನಲ್ಲಿ ಮಕ್ಕಳ ಸೀಟಿನಲ್ಲಿ ಮೊಣಕಾಲು ಮಡಚಿ ಕೂತು ಅವಳೇ ಕಥೆ ಹೇಳಿದಳು. ಲೌಂಜಿನಲ್ಲಿ ಕರೆಯಲಿ ಎಂದು ಕಾದಳಂತೆ. ಯಾರೂ ಬರಲಿಲ್ಲ. "ಅಲ್ಲಿ ಯಾವ ವಿಮಾನದ್ದೂ ಕೂಗೋದೇ ಇಲ್ವಂತೆ, ದೊಡ್ಡೋರ ನಿದ್ದೆ ಕೆಡತ್ತೆ ಅಂತ. ನನ್ನ ಜೊತೆ ಇನ್ನಿಬ್ಬರು ಗಂಡಸರು ತಪ್ಪಿಸ್ಕೊಂಡ್ರು. ಅವರಿಗೆ ಎರಡೆರಡು ಕಿವಿ ನೆಟ್ಟಗಿತ್ತು!" ಗಾಬರಿಯಲ್ಲಿ ಲೌಂಜಿನ ಮೇಜಿಗೆ ಹೋದರೆ ಅಲ್ಲಿಯ ಹುಡುಗಿ ಏನೇನೋ ಹೇಳಿದಳು. ಒಂದಕ್ಷರ ತಿಳಿಯಲಿಲ್ಲ. ಯಾವತ್ತಿನಂತೆ ತಲೆಯಾಡಿಸಿ ವಾಪಸ್ಸು ಬಂದು ಕೂತಳಂತೆ. ಕೂತು ಅತ್ತಳಂತೆ. ಎಷ್ಟು ಹೊತ್ತಾದ ಮೇಲೋ ಮತ್ತೆ ಎದ್ದು ಹೋಗಿ, ತನ್ನ ಕಿವಿ ಮುಟ್ಟಿ ತೋರಿಸಿ, "ನಂಗೆ ಕೇಳಲ್ಲಮ್ಮಾ, ಬರೆದು ಕೊಡು" ಎಂದಳಂತೆ.

"ಅಷ್ಟು ಅಂದಿದ್ದೇ ತಡ, ಎಲ್ಲಾ ಇಂಗ್ಲಿಷಲ್ಲಿ ಬರೆದು ಕೊಟ್ಲು ಕಣೇ. ಯಾವ ವಿಮಾನ, ಯಾವ ಬಾಗಿಲು, ಎಷ್ಟೊತ್ತು. ಗಂಡ ಎಲ್ಲಿ ಅಂತ ಬರೆದ್ಲು. ಬೇರೆ ವಿಮಾನದಲ್ಲಿ ಅಂತ ಬರೆದೆ. ಯಾಕೆ ಅಂತ ಬರೆದ್ಲು. ಪುಕ್ಕಟೆ ಸಿಕ್ತು ಅಂತ ಬರೆದೆ. ಮೇಜಿನ ಹಿಂದಿರೋರೆಲ್ಲ ನಕ್ಕರು, ನಾನೂ ನಕ್ಕೆ." ಮಡಿಚಿಟ್ಟಿದ್ದ ಆ ಚೀಟಿ ತೆಗೆದು ತೊಡೆಯ ಮೇಲೆ ಹರವಿದಳು. "ನಲವತ್ತು ವರ್ಷ ಅರ್ಧಂಬರ್ಧ ಕೇಳಿಸ್ಕೊಂಡು ತಲೆ ಆಡಿಸಿದ್ದೆ. ಇವತ್ತು ಒಂದು ಮಾತೂ ಬಿಡದೆ ಓದಿದೆ."

"ವಾಪಸ್ ಹೋಗೋವಾಗ ಒಟ್ಟಿಗೇ ಹೋಗೋದು. ದುಡ್ಡು ಕೊಟ್ಟೇ ತಗೋತೀನಿ" ಎಂದರು ಚಿಕ್ಕಪ್ಪ, ಅವಳ ಬಲಗಿವಿಗೆ ಬಾಗಿ.

"ದುಡ್ಡು ಕೊಟ್ರೂ ಮಲಗೋ ಸೀಟು ಕೊಡ್ತಾರಾ?" ಎಂದು ಚಿಕ್ಕಮ್ಮ ವಿಚಾರಿಸಿದಳು.

ಮನೆಯಲ್ಲಿ ಅಮ್ಮ ಕಿಟಕಿಯ ಬಳಿ ದಿಂಬೊರಗಿ ಕೂತಿದ್ದಳು, ಪಕ್ಕದಲ್ಲಿ ವಾಕರ್. ಹನ್ನೆರಡು ವರ್ಷದ ಮೇಲೆ ತಂಗಿಯನ್ನು ನೋಡಿದವಳು ಬಹಳ ಸಣ್ಣ ದನಿಯಲ್ಲಿ ಏನೋ ಕೇಳಿದಳು. ನನಗೂ ಸರಿಯಾಗಿ ಕೇಳಲಿಲ್ಲ. ಚಿಕ್ಕಪ್ಪ ಅಭ್ಯಾಸಬಲದಿಂದ, "ಏನು..." ಎಂದು ಶುರುಮಾಡಿದರು. ಚಿಕ್ಕಮ್ಮ ಅವರ ತೋಳು ಹಿಡಿದು ತಡೆದಳು.

"ಅಕ್ಕಾ, ಜೋರಾಗಿ ಮಾತಾಡೇ. ನಂಗೆ ಕಿವಿ ಕೇಳಲ್ಲ."

ಅಮ್ಮ ಅವಳನ್ನೇ ನೋಡಿದಳು. "ಯಾವತ್ತಿಂದ?"

"ಮದುವೆ ಆದಾಗಿಂದ."

"ಮತ್ತೆ ಫೋನಲ್ಲಿ?"

"ಅರ್ಧ ಕೇಳ್ತಿತ್ತು. ಉಳಿದಿದ್ದಕ್ಕೆ ಹೂಂ ಅಂತಿದ್ದೆ."

ಅಮ್ಮನ ಮುಖ ಮುದುಡಿತು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಹೇಳಲು ಬರುವಂತಿರಲಿಲ್ಲ. "ನಾನು ಎಷ್ಟು ಹೇಳ್ಕೊಂಡ್ರೂ ನೀನು ಬರೀ ಹೂಂ ಅನ್ನೋದು. ನನ್ನ ಕಷ್ಟ ಕೇಳಿ ಕೇಳಿ ನಿಂಗೆ ಸಾಕಾಗಿದೆ ಅಂದ್ಕೊಂಡಿದ್ದೆ ಕಣೇ. ಅದಕ್ಕೇ ನೀನು ಬರ್ತಿಲ್ಲ ಅಂತ..."

ಚಿಕ್ಕಪ್ಪ ಮೆಲ್ಲಗೆ ಹಿಂದೆ ಸರಿದು ನನ್ನ ಪಕ್ಕದ ಕುರ್ಚಿಗೆ ಬಂದು ಕೂತರು. ಉಸಿರನ್ನು ಉದ್ದಕ್ಕೆ ಹೊರಗೆ ಬಿಟ್ಟರು. ಕೂತಲ್ಲೇ ಕಣ್ಣು ಮುಚ್ಚಿಕೊಂಡವರಿಗೆ ಎರಡೇ ನಿಮಿಷದಲ್ಲಿ ಗೊರಕೆ ಹತ್ತಿತು. ಆ ಮುಖದಲ್ಲಿ ಅಷ್ಟು ನೆಮ್ಮದಿ ನಾನು ಯಾವತ್ತೂ ನೋಡಿರಲಿಲ್ಲ.

ಆ ಕಡೆ ಚಿಕ್ಕಮ್ಮ ಸ್ಟೂಲು ಎಳೆದುಕೊಂಡು, ತನ್ನ ಬಲಗಿವಿ ಅಕ್ಕನ ಬಾಯಿಗೆ ಹತ್ತಿರ ಬರುವಂತೆ ಕೂತಳು. ಅಮ್ಮ ಕಣ್ಣೊರೆಸಿಕೊಂಡು ಗಂಟಲು ಸರಿಮಾಡಿಕೊಂಡಳು. ಪಕ್ಕದ ಮನೆಗೂ ಕೇಳುವಷ್ಟು ದೊಡ್ಡ ದನಿಯಲ್ಲಿ, ಹನ್ನೆರಡು ವರ್ಷದ್ದನ್ನು ಮೊದಲಿನಿಂದ ಹೇಳತೊಡಗಿದಳು.