ಅಣ್ಣನ ಪಹಣಿ

ಸಂಡೂರು, ಕಮಲಾಪುರ, ಚಿತ್ತವಾಡ್ಗಿ, ಎಲ್ಲಿ ಕಾನೂನು ಅರಿವಿನ ಸಭೆಗೆ ಕರೆದರೂ ನಾನು ಒಂದೇ ಘಟನೆಯನ್ನು ಹೇಳುತ್ತಿದ್ದೆ. ಬಡವನಿಗೆ ಪುಕ್ಕಟೆ ವಕೀಲ ಸಿಗುತ್ತಾನೆ, ಜಾಮೀನುದಾರ ಸಿಗುವುದಿಲ್ಲ ಎಂದು ತೋರಿಸಲು. ಹೇಳಿ ಹೇಳಿ ಅದು ನುಣುಪಾಗಿಬಿಟ್ಟಿತ್ತು. ಆಗಲೇ ಅನುಮಾನ ಬರಬೇಕಿತ್ತು.

ಕಡತದಲ್ಲಿ ಇರುವುದು ಇಷ್ಟು. ಕಂಪ್ಲಿಯ ಒಬ್ಬ ಕೂಲಿಯವನ ಮೇಲೆ, ಕಮಲಾಪುರದ ಬಾಳೆತೋಟದಲ್ಲಿ ಪಂಪ್‌ಸೆಟ್ಟಿನ ಕೇಬಲ್ ಕದ್ದ ಆರೋಪ. ಕಾನೂನು ನೆರವಿನ ವಕೀಲನಾಗಿ ನಾನು ಹೊಸಪೇಟೆ ಕೋರ್ಟಿನಲ್ಲಿ ವಾದಿಸಿದೆ, ಜಾಮೀನು ಸಿಕ್ಕಿತು. ಆದರೆ ಜಮೀನಿರುವ ಒಬ್ಬರು ಪಹಣಿ ತಂದು ಅವನ ಪರವಾಗಿ ನಿಲ್ಲಬೇಕಿತ್ತು. ಅವರ ಕೇರಿಯಲ್ಲಿ ಯಾರ ಹೆಸರಿನಲ್ಲೂ ಒಂದು ಗುಂಟೆ ನೆಲವಿರಲಿಲ್ಲ. ನೆಲವಿದ್ದವರು ಬರಲಿಲ್ಲ.

ಕಡತದಲ್ಲಿ ಇಲ್ಲದ್ದು: ಅವನ ತಾಯಿಯನ್ನು, ಇನ್ನು ಕೆಲವೇ ದಿನ ಎಂದು ಹೇಳಿ ಆಸ್ಪತ್ರೆಯವರು ಮನೆಗೆ ಕಳಿಸಿದ್ದರು.

ಅವನ ಹೆಂಡತಿ ಕೋರ್ಟಿನ ಅಂಗಳದಲ್ಲಿ ಕೂತಿರುತ್ತಿದ್ದಳು. ಬೇವಿನ ಮರದ ಕೆಳಗೆ ಎಂದು ಸಭೆಗಳಲ್ಲಿ ಹೇಳುತ್ತಿದ್ದೆ. ಆ ಅಂಗಳದಲ್ಲಿ ಬೇವಿನ ಮರವೇ ಇಲ್ಲ.

"ಸಾಹೇಬ್ರ, ನಮ್ಮತ್ತಿ ಬಾಗಿಲಾ ನೋಡ್ಕೊಂತ ಮಲಗ್ಯಾಳ. ಮಗ ಬಂದ್ನೇನು, ಬಂದ್ನೇನು ಅಂತಾಳ. ನಿಮಗ ಹೊಲ ಇಲ್ಲೇನ್ರಿ?"

"ವಕೀಲರು ತಮ್ಮ ಕಕ್ಷಿದಾರಗ ಜಾಮೀನು ನಿಲ್ಲಂಗಿಲ್ಲಮ್ಮ. ಕಾನೂನು ಹಂಗೈತಿ."

"ಬಿಡಸೋ ಕಾನೂನೂ ನಿಮ್ದ, ಬ್ಯಾಡ ಅನ್ನೋ ಕಾನೂನೂ ನಿಮ್ದ. ಭಾಳ ಚಲೋ ಆತು ಬಿಡ್ರಿ" ಎಂದು ನಕ್ಕಳು.

ಕಾನೂನು ಇರುವುದು ನಿಜ. ಆದರೆ ಚೋರನೂರಿನ ನಮ್ಮ ಹೊಲ ಅಣ್ಣನ ಹೆಸರಿನಲ್ಲಿದೆ, ಅವನಿಗೆ ಅದು ಅನ್ವಯಿಸುವುದಿಲ್ಲ. "ನಮ್ಮಣ್ಣನ್ನ ಕೇಳ್ತೀನಿ" ಎಂದೆ. ಎರಡು ದಿನ ಬಿಟ್ಟು, "ಅವ ಒಲ್ಲೆ ಅಂದ" ಎಂದೆ.

"ಇರ್ಲಿ ಬಿಡ್ರಿ, ಅವರಿಗೂ ಅಂಜಿಕಿ ಇರತೈತಿ" ಎಂದು ಅವಳೇ ನನಗೆ ಸಮಾಧಾನ ಹೇಳಿದಳು.

ಜಾಮೀನುದಾರನಿಲ್ಲದೆ, ಅವನ ಸ್ವಂತ ಮುಚ್ಚಳಿಕೆಯ ಮೇಲಾದರೂ ಬಿಡಿ ಎಂದು ಮತ್ತೆ ಅರ್ಜಿ ಹಾಕಿದೆ. ಅದು ಮಂಜೂರಾಗಿ ಅವನು ಹೊರಬಂದಾಗ ತಾಯಿಯನ್ನು ಮಣ್ಣು ಮಾಡಿ ಹನ್ನೊಂದು ದಿನವಾಗಿತ್ತು.

ಸಭೆಗಳಲ್ಲಿ ಅಣ್ಣನ ಮಾತನ್ನು ಅವನ ದನಿಯಲ್ಲೇ ಆಡಿ ತೋರಿಸುತ್ತಿದ್ದೆ: "ಕಳ್ಳಗ ನಾ ಜಾಮೀನು ನಿಲ್ಲಬೇಕೇನಲೇ?" ಈ ವರ್ಷ ಚೋರನೂರಿನಲ್ಲೇ ಸಭೆಯಾಯಿತು. ಅಣ್ಣ ಎದುರಿಗೇ ಕೂತಿದ್ದ. ಅವನಿದ್ದಾನೆಂದು ಗೊತ್ತಿದ್ದೂ ಹೇಳಿದೆ, ಅಷ್ಟು ನಂಬಿದ್ದೆ. ಮನೆಗೆ ಬಂದ ಮೇಲೆ ಅವನು ಕೇಳಿದ:

"ನನ್ನ ಯಾವಾಗ ಕೇಳಿದ್ದೆಲೇ ನೀನು?"

"ಫೋನ್ ಮಾಡಿದ್ದೆನಲ್ಲ."

"ಮಾಡಿಲ್ಲ. ಮಾಡಿದ್ರ ಮೊದ್ಲು ಬೈತಿದ್ದೆ, ಆಮ್ಯಾಲೆ ಪಹಣಿ ತಗೊಂಡು ಬರ್ತಿದ್ದೆ."

ಅವನೂ ತನ್ನನ್ನು ಈಗ ಒಳ್ಳೆಯವನನ್ನಾಗಿ ಮಾಡಿಕೊಳ್ಳುತ್ತಿರಬಹುದು. ಆದರೆ ನನ್ನದು ಹೀಗೆ: ಅವನ ಉತ್ತರ ಅಕ್ಷರ ಬಿಡದಂತೆ ನೆನಪಿದೆ, ಫೋನ್ ಮಾಡಿದ್ದು ಎಲ್ಲಿ ನಿಂತು, ಯಾವ ಹೊತ್ತಿಗೆ, ನಾನೇನು ಕೇಳಿದೆ ಎಂಬುದು ಯಾವುದೂ ಇಲ್ಲ. ಕಳ್ಳತನದ ಆರೋಪಿಗೆ ನಿಲ್ಲು ಎಂದು ಅಣ್ಣನಿಗೆ ಹೇಳಲು ನನಗೇ ನಾಚಿಕೆಯಾಗಿತ್ತೇನೋ. ಅಣ್ಣನದೆಂದು ಆಡಿ ತೋರಿಸುತ್ತಿದ್ದ ಆ ಮಾತು ನನ್ನದೇ ಇರಬಹುದು.

ಮರುವಾರ ಕಂಪ್ಲಿಗೆ ಹೋದೆ. ಕೂಲಿಯವನ ಹೆಂಡತಿ ನಾಟಿ ಮುಗಿಸಿ ಬಂದು ಕಾಲಿನ ಕೆಸರು ತೊಳೆಯುತ್ತಿದ್ದಳು.

"ಆವತ್ತು ನಾನು ನಮ್ಮಣ್ಣನ್ನ ಕೇಳಿರ್ಲಿಲ್ಲ ಅನಸ್ತೈತಮ್ಮ" ಎಂದೆ. ಅನಸ್ತೈತಿ ಎಂದು ಸೇರಿಸಿದ್ದು ನನಗೇ ಕೇಳಿಸಿತು.

"ಯಾವ ಅಣ್ಣರಿ?"

ಹೇಳಿದೆ. ಅವಳು ಇನ್ನೊಂದು ಕಾಲಿಗೂ ನೀರು ಸುರಿದುಕೊಂಡಳು.

"ಅದು ನೆಪ್ಪಿಲ್ರಿ ನನಗ. ನಮ್ಮತ್ತಿ ಕಡೀಗೆ ನನ್ನ ತಮ್ಮನ್ನ ತನ್ನ ಮಗ ಅಂದ್ಕೊಂಡು ಕೈ ಹಿಡಕೊಂಡ್ಳು. ಬಂದೇನಪಾ ಅಂದ್ಳು. ಅವ ಹೂಂ ಅಂದ. ಅದೊಂದು ನೆಪ್ಪೈತಿ."

ತಂಬಿಗೆ ಕೆಳಗಿಟ್ಟು ಅವಳು, "ಕೇಸು ಇನ್ನಾ ಮುಗದಿಲ್ಲಲ್ರಿ, ಮುಂದಿನ ತಾರೀಕು ಯಾವತ್ತು?" ಎಂದಳು.

ಹೇಳಿದೆ. ಗಂಡನಿಗೆ ಕೇಳಿಸಲೆಂದು ಅವಳು ಅದನ್ನು ಬಾಗಿಲ ಕಡೆ ತಿರುಗಿ ಜೋರಾಗಿ ಕೂಗಿದಳು. ಅವನು ಹೊರಗೆ ಬರಲಿಲ್ಲ.