ಅಡ್ಮಿನಿಸ್ಟ್ರೇಟರ್ ಮಾವನವರು

ಇವತ್ತು ಬೆಳಗಿನ ಚಹಾ ಇನ್ನೂ ಕೈಯಲ್ಲೇ ಇತ್ತು, ಮುಂದಿನ ಕೋಣೆಯಿಂದ ಸೊಸೆ ಕರೆದಳು. "ಅತ್ತಿಯವರ, ಕಂಪ್ಯೂಟರ್ ಅಪ್‌ಗ್ರೇಡ್ ಆಗೇತ್ರಿ. ಏನ್ ಹಾಕಾಕ ಹೋದ್ರೂ ಪಾಸ್‌ವರ್ಡ್ ಕೇಳಾಕತ್ತೈತಿ." ಹೋಗಿ ನೋಡಿದೆ. ಪರದೆಯ ನಡುವೆ ಒಂದು ಬೂದು ಚೌಕ: ಈ ತಂತ್ರಾಂಶ ಹಾಕಲು ನಿಮಗೆ ಅನುಮತಿ ಇಲ್ಲ, ಅಡ್ಮಿನಿಸ್ಟ್ರೇಟರನ್ನು ಕೇಳಿ. ಆ ವಾಕ್ಯ ಕಂಡರೆ ನನಗೆ ಇಂದಿಗೂ ಮೈಯೆಲ್ಲ ಉರಿಯುತ್ತದೆ. ಯಾಕೆ ಅಂತ ಹೇಳುತ್ತೇನೆ, ಕುಳಿತುಕೊಳ್ಳಿ.

ಮಲ್ಕಾಜ್‌ಗಿರಿಯ ಈ ಮನೆಯಲ್ಲಿ ಕೂತು ನಾನು ಕನ್ನಡ ಲಗ್ನಪತ್ರಿಕೆಗಳನ್ನು ಟೈಪ್ ಮಾಡಿ ಪ್ರೆಸ್ಸಿಗೆ ಕಳಿಸುತ್ತಾ ಬಂದವಳು. ಈಗ ಆ ಕೆಲಸ ಸೊಸೆಯದು. ಹೈದರಾಬಾದಿನಲ್ಲಿ ಕನ್ನಡ ಪತ್ರಿಕೆ ಯಾರಿಗೆ ಬೇಕು ಅನ್ನಬೇಡಿ. ನಮ್ಮ ಕಡೆಯವರು ಹೊರಗೆ ತೆಲುಗು, ಹಿಂದಿ ಮಾತಾಡಿಕೊಂಡು ಎಷ್ಟೇ ವರ್ಷ ಇರಲಿ, ಮಗಳ ಮದುವೆ ಅಂದ ಕೂಡಲೇ ಕನ್ನಡ ನೆನಪಾಗುತ್ತದೆ. ಪತ್ರಿಕೆಯಲ್ಲಿ ಒಬ್ಬ ಹಿರಿಯರ ಹೆಸರು ಬಿಟ್ಟುಹೋದರೆ ಜಗಳಕ್ಕೆ ಬರುವುದೂ ಕನ್ನಡದಲ್ಲೇ.

ಕಂಪ್ಯೂಟರ್ ಬಂದ ದಿನ ಅದಕ್ಕೆ ಅರಿಸಿನ ಕುಂಕುಮ ಹಚ್ಚಿ ಕಾಯಿ ಒಡೆದವಳು ನಾನು. ಕೂಡಿಸಲು ಬಂದವನು ಅಡ್ಮಿನಿಸ್ಟ್ರೇಟರ್ ಅಂತ ಯಾರ ಹೆಸರು ಹಾಕಲಿ ಎಂದು ಕೇಳಿದಾಗ, "ಮಾವಾರ ಹೆಸರ ಹಾಕ್ರಿ, ಮನಿಗೆ ಹಿರ್ಯಾರು" ಅಂದವಳೂ ನಾನೇ. ಗ್ಯಾಸು, ಕರೆಂಟು, ರೇಷನ್ ಕಾರ್ಡು ಎಲ್ಲ ಅವರ ಹೆಸರಿನಲ್ಲಿರುವಾಗ ಇದೊಂದು ಬೇರೆ ಯಾಕೆ ಎಂಬುದು ನನ್ನ ಜಾಣತನ. ರೈಲ್ವೆಯಲ್ಲಿ ಹೆಡ್ ಕ್ಲರ್ಕ್ ಆಗಿ ನಿವೃತ್ತರಾಗಿದ್ದ ಮಾವನವರು ಇದನ್ನು ಬಡ್ತಿಯೆಂದೇ ತಿಳಿದರು. ಮೌಸ್ ಮುಟ್ಟಿದವರಲ್ಲ, ಪಾಸ್‌ವರ್ಡ್ ಮಾತ್ರ ಅವರದು. ಬೇಕಾದಾಗ ಕರೆಯಬೇಕು. ಕನ್ನಡಕ ಹುಡುಕಿ, ಶರ್ಟ್ ಹಾಕಿಕೊಂಡು ಬಂದು, ನನ್ನನ್ನು ದೂರ ನಿಲ್ಲಿಸಿ, ಒಂದೇ ಬೆರಳಿನಲ್ಲಿ ಒತ್ತಿ ಹೋಗುತ್ತಿದ್ದರು.

ಒಮ್ಮೆ ಅವರು ಲಿಂಗಂಪಲ್ಲಿಯ ಮಗಳ ಮನೆಗೆ ಹೋಗಿದ್ದಾಗ ಕಂಪ್ಯೂಟರ್ ತಾನಾಗಿಯೇ ಅಪ್‌ಗ್ರೇಡ್ ಆಯಿತು. ನನ್ನ ಕನ್ನಡ ಟೈಪಿಂಗ್ ತಂತ್ರಾಂಶ ಮಂಗಮಾಯ. ಅಂದು ಶನಿವಾರ. ಕೊಂಡಾಪುರದಲ್ಲಿ ಮನೆ ಕಟ್ಟುವ ಗೌಂಡಿ ಕೆಲಸ ಮಾಡುವ ಯಾದಗಿರಿ ಕಡೆಯ ಶರಣಪ್ಪ ಮಗಳ ಪತ್ರಿಕೆ ಬರೆಸಲು ಕೊಟ್ಟು ಹೋಗಿದ್ದ. "ಅಕ್ಕಾರ, ಸೋಮವಾರ ಊರಾಗ ಮೊದಲನೇ ಪತ್ರಿಕಿ ಮನಿದೇವ್ರ ಮುಂದ ಇಡಬೇಕ್ರಿ. ಐತವಾರ ಸಂಜಿ ಗಾಡಿಗೆ ಹೊಂಟೀನಿ" ಅಂದಿದ್ದ. ಅಂದರೆ ಆ ದಿನ ಸಂಜೆಯೊಳಗೆ ಅದು ಪ್ರೆಸ್ಸಿನಲ್ಲಿರಬೇಕು.

ತಂತ್ರಾಂಶವನ್ನು ಮತ್ತೆ ಹಾಕಲು ಹೋದೆ. ಅನುಮತಿ ಇಲ್ಲ ಅಂದಿತು. ಬೇರೆ ಫೋಲ್ಡರಿಗೆ ಹಾಕಿ ನೋಡಿದೆ, ಇಲ್ಲ. ಮೂರು ಸಲ ಬಂದ್ ಮಾಡಿ ಚಾಲೂ ಮಾಡಿದೆ, ಧೂಳು ಒರೆಸಿದೆ, ಸುಳ್ಳೇಕೆ, ಕೈಯನ್ನೂ ಮುಗಿದೆ. ಬಲಗಡೆಯ ಗುಂಡಿ ಒತ್ತಿ 'ಅಡ್ಮಿನಿಸ್ಟ್ರೇಟರ್ ಆಗಿ ನಡೆಸು' ಎಂಬುದನ್ನು ಆರಿಸಿದರೆ ಮಾವನವರ ಹೆಸರು ಬಂದು, ಕೆಳಗೆ ಪಾಸ್‌ವರ್ಡಿನ ಖಾಲಿ ಜಾಗ. ಫೋನ್ ಹಚ್ಚಿದೆ.

"ಫೋನಿನಾಗ ಪಾಸ್‌ವರ್ಡ್ ಹೇಳಬಾರ್ದವಾ. ಬ್ಯಾಂಕಿನವ್ರು ಹೇಳ್ಯಾರ. ಬೇಸ್ತವಾರ ಬರ್ತೀನಿ, ಹಾಕ್ತೀನಿ."

"ಶರಣಪ್ಪಗ ಸೋಮವಾರ ಬೇಕ್ರಿ, ಮಾವಾರ."

"ಯಾವ್ದರ ಬ್ಯಾರೆ ಭಾಷಾದಾಗ ಮಾಡಿಸ್ಕೋ ಅನ್ನು."

ಆ ಮಾತಿಗೆ ನನ್ನ ತಲೆ ಕೆಟ್ಟಿತು. ಕಂಪ್ಯೂಟರಿನ ಸಿಪಿಯು ಕಿತ್ತು, ಕೌದಿಯಲ್ಲಿ ಸುತ್ತಿ, ಎತ್ತಿಕೊಂಡು ಲಿಂಗಂಪಲ್ಲಿಗೆ ಲೋಕಲ್ ಗಾಡಿ ಹತ್ತಿದೆ. ಗಾಡಿಯಲ್ಲಿ ಪಕ್ಕದಲ್ಲಿದ್ದ ಹೆಂಗಸು ಕೌದಿ ನೋಡಿ, ಮಗುವಿಗೆ ಎಷ್ಟು ತಿಂಗಳು ಎಂದು ತೆಲುಗಿನಲ್ಲಿ ಕೇಳಿದಳು. ಆರು ವರ್ಷ, ಇನ್ನೂ ಹಟ ಬಿಟ್ಟಿಲ್ಲ ಎಂದೆ. ಆಕೆ ಎದ್ದು ಬೇರೆ ಕಡೆ ಕೂತಳು.

ನಾದಿನಿಯ ಮನೆಯಲ್ಲಿ ಅವರ ಕಂಪ್ಯೂಟರಿನ ಪರದೆಗೆ ನಮ್ಮದನ್ನು ಜೋಡಿಸಿ, "ಹಾಕ್ರಿ, ಮಾವಾರ" ಅಂದೆ. ಅವರು ಬೆಪ್ಪಾಗಿ ಕೂತು ಪಾಸ್‌ವರ್ಡ್ ಒತ್ತಿದರು. ಅವರು ಎದ್ದ ಕೂಡಲೇ ನಾನು ಆ ಕುರ್ಚಿಯಲ್ಲಿ ಕೂತು, ಬಳಕೆದಾರರ ಪಟ್ಟಿ ತೆರೆದು, ನನ್ನ ಹೆಸರಿನ ಎದುರು ಅಡ್ಮಿನಿಸ್ಟ್ರೇಟರ್ ಎಂದು ಬದಲಿಸತೊಡಗಿದೆ.

"ಏನ್ ಮಾಡಾಕತ್ತಿ?"

"ನಾನೂ ಅಡ್ಮಿನಿಸ್ಟ್ರೇಟರ್ ಆಗಾಕತ್ತೀನ್ರಿ."

"ಯಾರನ್ನ ಕೇಳಿ?"

"ಯಾರನ್ನೂ ಕೇಳಿಲ್ರಿ."

ನಾದಿನಿ ಅಡುಗೆಮನೆಯಿಂದ ಇಣುಕಿ ಹಾಗೇ ಒಳಗೆ ಹೋದಳು. ತಂತ್ರಾಂಶ ಹಾಕಿ, ಅಲ್ಲೇ ಕೂತು ಶರಣಪ್ಪನ ಪತ್ರಿಕೆಯನ್ನು ಅವನ ಅಜ್ಜನ ಹೆಸರಿನಿಂದ ಹಿಡಿದು ಸೋದರಮಾವನವರೆಗೆ ಟೈಪ್ ಮಾಡಿ ಪ್ರೆಸ್ಸಿಗೆ ಕಳಿಸಿದೆ. ಅವನು ಐತವಾರ ಪತ್ರಿಕೆಗಳ ಗಂಟು ಹಿಡಿದು ಗಾಡಿ ಹತ್ತಿದ. ಮಾವನವರು ಹದಿನೈದು ದಿನ ನನ್ನೊಡನೆ ಮಾತು ಬಿಟ್ಟರು. ನಾನೂ ಬಿಟ್ಟೆ. ಈಗ ಅವರಿಲ್ಲ. ತಪ್ಪಾಯಿತು ಅಂತ ಆಗಲೂ ಅನ್ನಲಿಲ್ಲ, ಈಗಲೂ ಅನ್ನುವುದಿಲ್ಲ.

ಈ ಜಂಬದಲ್ಲೇ ಇವತ್ತು ಕುರ್ಚಿ ಎಳೆದುಕೊಂಡು, ನನಗೊಬ್ಬಳಿಗೇ ಗೊತ್ತಿರುವ ಪಾಸ್‌ವರ್ಡ್ ಒತ್ತಿ, ಯಾವಾಗ ಅಪ್‌ಗ್ರೇಡ್ ಆಯಿತು ಎಂದು ಸೊಸೆಯನ್ನು ಕೇಳಿದೆ.

"ಮೊನ್ನೇನ ಆಗೇತ್ರಿ. ಯಾರೋ ನಾಮಕರಣದ ಪತ್ರಿಕಿ ಮಾಡಿಸಾಕ ಬಂದಿದ್ರು. ನೀವು ಮಲಗಿದ್ರಿ, ಎಬ್ಬಿಸೂದು ಬ್ಯಾಡ ಅಂತ ಅವರನ್ನ ವಾಪಸ್ ಕಳಿಸ್ದೆ."

ಅವಳ ದನಿಯಲ್ಲಿ ದೂರು ಇರಲಿಲ್ಲ. ಅದಕ್ಕೇ ನನಗೆ ನಾಚಿಕೆಯಾಯಿತು. ಎದ್ದು ಅವಳನ್ನು ಕೂಡಿಸಿ, ಎಲ್ಲೆಲ್ಲಿ ಒತ್ತಬೇಕೆಂದು ಹೇಳಿ, ಅಡ್ಮಿನಿಸ್ಟ್ರೇಟರ್ ಎಂದು ಅವಳ ಹೆಸರನ್ನು ಅವಳ ಕೈಯಿಂದಲೇ ಹಾಕಿಸಿದೆ.

"ಹಿರ್ಯಾರು ನೀವು ಇರೂವಾಗ..." ಅಂದಳು.

"ಇಲ್ಲಿ ಕೆಲಸ ಮಾಡಾಕಿ ನೀನು. ಆ ನಾಮಕರಣದವ್ರ ನಂಬರ್ ಐತಿಲ್ಲ?"

"ಐತ್ರಿ. ಫೋನ್ ಹಚ್ಚಲೇನ್ರಿ?"

"ಮತ್ತ ಕೇಳಾಕತ್ತಿ ನೋಡು," ಅಂದೆ.