ಮೇಷ್ಟ್ರ ಹಾಸಿಗೆಯ ಪಕ್ಕದ ಸಭೆ

ಜುಲೈ ತಿಂಗಳ ಎರಡನೆಯ ಭಾನುವಾರ, ಬೆಳಗ್ಗೆ ಹತ್ತೂವರೆ. ಸ್ಥಳ, ಕುವೆಂಪುನಗರದಲ್ಲಿ ನಮ್ಮ ಸಂಗೀತ ಮೇಷ್ಟ್ರ ಮನೆ, ಅವರು ಮಲಗಿದ್ದ ಕೋಣೆ. ಇದ್ದವರು: ಟ್ರಸ್ಟಿನ ಅಧ್ಯಕ್ಷರಾದ ನಿವೃತ್ತ ಪ್ರಿನ್ಸಿಪಾಲರು, ಹಾಡುಗಾರಿಕೆಯಲ್ಲಿ ವಿದ್ವತ್ ಪರೀಕ್ಷೆ ಮುಗಿಸಿದ ವಿದುಷಿಯವರು, ಒಬ್ಬ ದಂತವೈದ್ಯರು, ಕಾರ್ಯದರ್ಶಿಯಾದ ನಾನು, ಮತ್ತು ಮಂಚದ ಮೇಲೆ ಮೇಷ್ಟ್ರು. ಟ್ರಸ್ಟಿಗಳು ನಾವು ಐವರೇ. ಹೊರಗೆ ಮೆಟ್ಟಿಲ ಮೇಲೆ ಇನ್ನೊಬ್ಬಾಕೆ ಕೂತಿದ್ದಳು. ಆಕೆ ಟ್ರಸ್ಟಿಯಲ್ಲ. ಆದರೆ ಸಭೆ ಸೇರಿದ್ದು ಆಕೆಯ ವಿಷಯಕ್ಕೇ.

ನಾನು ಮೂವತ್ತನಾಲ್ಕು ವರ್ಷ ಸರ್ಕಾರಿ ಆಸ್ಪತ್ರೆಯಲ್ಲಿ ದುಡಿದು ವಾರ್ಡ್ ಸಿಸ್ಟರ್ ಆಗಿ ನಿವೃತ್ತಳಾದವಳು. ಐವತ್ತು ದಾಟಿದ ಮೇಲೆ ಮೇಷ್ಟ್ರ ಹತ್ತಿರ ಹಾಡು ಕಲಿಯಲು ಹೋದೆ. ಕಂಠ ಬರಲಿಲ್ಲ. ರಿಜಿಸ್ಟರನ್ನು ಅಚ್ಚುಕಟ್ಟಾಗಿ ಇಡುತ್ತೇನೆಂದು ಟ್ರಸ್ಟಿಗೆ ಸೇರಿಸಿಕೊಂಡರು. ಪುಕ್ಕಟೆ ಸಂಗೀತ ಕಲಿಸುವ ಸಣ್ಣ ಟ್ರಸ್ಟು ನಮ್ಮದು. ಕುವೆಂಪುನಗರದಲ್ಲಿ ಒಂದು ತರಗತಿ, ಹೂಟಗಳ್ಳಿಯಲ್ಲಿ ಒಂದು.

ಹೂಟಗಳ್ಳಿಯದು ಮೇಷ್ಟ್ರೇ ಶುರು ಮಾಡಿದ್ದು. ಅಲ್ಲಿನ ಬೌದ್ಧ ಕುಟುಂಬಗಳವರು ತಮ್ಮ ಸಮುದಾಯ ಭವನದ ಒಂದು ಕೋಣೆಯನ್ನು ಕೊಟ್ಟಿದ್ದಾರೆ. ಗೋಡೆಯಲ್ಲಿ ಬುದ್ಧನ ಪಟ, ಕೆಳಗೆ ಎರಡು ಜಮಖಾನ, ಒಂದು ಶ್ರುತಿಪೆಟ್ಟಿಗೆ. ಮೆಟ್ಟಿಲ ಮೇಲೆ ಕೂತಿದ್ದಾಕೆ ಅದೇ ಕೋಣೆಯಲ್ಲಿ ಇಪ್ಪತ್ತು ವರ್ಷ ಮೇಷ್ಟ್ರಿಂದ ಕಲಿತವಳು. ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ಶಿಫ್ಟಿನ ಕೆಲಸ. ಮಾರ್ಚಿನಲ್ಲಿ ಮೇಷ್ಟ್ರಿಗೆ ಲಕ್ವ ಹೊಡೆದಾಗಿನಿಂದ ಅವರ ಬದಲಿಗೆ ಪ್ರತಿ ಭಾನುವಾರ ಪಾಠ ಮಾಡುತ್ತಿದ್ದಳು. ಅಷ್ಟೂ ವಾರ ಒಂದು ದಿನವೂ ತಪ್ಪಿಸಿಲ್ಲ. ಹಾಜರಿ ಪುಸ್ತಕ ನನ್ನ ಹತ್ತಿರವಿದೆ.

ಅಧ್ಯಕ್ಷರಿಗೆ ಆ ತರಗತಿ ಮುಚ್ಚಬೇಕಿತ್ತು. ಆಕೆ ಪರೀಕ್ಷೆ ಪಾಸು ಮಾಡಿಲ್ಲ, ಎಲ್ಲರೂ ಕುವೆಂಪುನಗರಕ್ಕೇ ಬರಲಿ ಎಂದರು. ನಮ್ಮ ಪದ್ಧತಿಯೇ ಬೇರೆ ಎಂದು ವಿದುಷಿಯವರು ದನಿಗೂಡಿಸಿದರು. ದಂತವೈದ್ಯರು ಅಧ್ಯಕ್ಷರು ಅಂದದ್ದಕ್ಕೆ ತಲೆಯಾಡಿಸುವವರು. ಮೇಷ್ಟ್ರೂ ಯಾವ ಪರೀಕ್ಷೆಗೂ ಕೂತವರಲ್ಲ ಎಂಬುದನ್ನು ಯಾರೂ ಎತ್ತಲಿಲ್ಲ. ಪದ್ಧತಿ ಅಂದರೆ ಯಾವುದು ಎಂದು ನಾನು ಆ ದಿನ ಕೇಳಲಿಲ್ಲ. ಕೇಳಬೇಕಿತ್ತು. ಅರ್ಥ ನನಗೆ ಗೊತ್ತಿತ್ತು.

ಮೂವರು ಒಂದು ಕಡೆಗಿದ್ದರೂ ಮುಚ್ಚುವುದು ಸುಲಭವಿರಲಿಲ್ಲ. ಅಡ್ಡ ಇದ್ದದ್ದು ನಾನೇ ಬರೆದ ನಿಯಮ. ಹಿಂದೊಮ್ಮೆ ಮೇಷ್ಟ್ರು ತಂಗಿಯ ಮಗಳ ಮದುವೆಗೆಂದು ಊರಿಗೆ ಹೋಗಿದ್ದಾಗ ಉಳಿದವರು ಸೇರಿ ವೀಣೆಯ ತರಗತಿಯನ್ನು ನಿಲ್ಲಿಸಿಬಿಟ್ಟಿದ್ದರು. ವಾಪಸು ಬಂದವರು ಬೀಗ ನೋಡಿಕೊಂಡು ಸೀದಾ ನನ್ನ ಮನೆಗೆ ಬಂದಿದ್ದರು. ಆ ವಾರವೇ ನಾನು ಕೂತು ಬರೆದೆ: ತರಗತಿ ಮುಚ್ಚುವುದಕ್ಕಾಗಲಿ ಮೇಷ್ಟ್ರನ್ನು ಬದಲಿಸುವುದಕ್ಕಾಗಲಿ ಬದುಕಿರುವ ಟ್ರಸ್ಟಿಗಳೆಲ್ಲರೂ ಸಭೆಯಲ್ಲಿ ಹಾಜರಿರಬೇಕು. ಒಬ್ಬರು ಗೈರಾದರೂ ಹಿಂದಿನ ವ್ಯವಸ್ಥೆಯೇ ನಡೆಯಬೇಕು. ಎಲ್ಲರೂ ಒಪ್ಪಿ ಸಹಿ ಹಾಕಿದ್ದರು.

ಆದ್ದರಿಂದಲೇ ಅಧ್ಯಕ್ಷರು ಸಭೆಯನ್ನು ಮಂಚದ ಹತ್ತಿರಕ್ಕೆ ತಂದದ್ದು.

ಮೇಷ್ಟ್ರ ಹೆಂಡತಿ ಅವರಿಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಡಿಸಿ, ಹಣೆಗೆ ಕುಂಕುಮ ಇಟ್ಟು, ಮೈಮೇಲೆ ಹಿಂದೆಂದೋ ಸನ್ಮಾನದಲ್ಲಿ ಬಂದ ಶಾಲು ಹೊದಿಸಿದ್ದರು. ಬೆನ್ನಿಗೆ ಮೂರು ದಿಂಬು. ಮೂಗಿನಲ್ಲಿ ಊಟದ ನಳಿಗೆ. ಕಾಲಿನ ಬಾವು ಮೊಣಕಾಲು ಮುಟ್ಟಿತ್ತು. ಉಸಿರು ನಾಲ್ಕು ಸಲ ಜೋರಾಗಿ ಬಂದು ಒಂದು ಗಳಿಗೆ ನಿಲ್ಲುತ್ತಿತ್ತು. ಆ ಉಸಿರನ್ನು ನಾನು ಸಾಕಷ್ಟು ಮಂಚಗಳ ಪಕ್ಕ ನಿಂತು ಕೇಳಿದ್ದೇನೆ.

ಎಲ್ಲರಿಗೂ ಕಾಫಿ ಬಂತು. ಅವರ ಹೆಂಡತಿ ಖುಷಿಯಲ್ಲಿದ್ದರು. ನಾಲ್ಕು ತಿಂಗಳಿಂದ ಆ ಮನೆಗೆ ಡಾಕ್ಟರರನ್ನು ಬಿಟ್ಟರೆ ಯಾರೂ ಬಂದಿರಲಿಲ್ಲ.

"ಅವರಿಗೆ ಎಲ್ಲಾ ಗೊತ್ತಾಗುತ್ತೆ ಕಣ್ರೀ. ಮಾತು ಬರಲ್ಲ ಅಷ್ಟೆ," ಎಂದರು.

ಅಧ್ಯಕ್ಷರು ಬಗ್ಗಿ ಕೇಳಿದರು. "ಮೇಷ್ಟ್ರೇ, ಹೂಟಗಳ್ಳಿ ತರಗತಿ ನಿಲ್ಲಿಸೋಣ್ವಾ?"

"ಹೂಂ," ಅಂದರು ಮೇಷ್ಟ್ರು.

"ನೋಡಿ, ಅವರೇ ಒಪ್ಪಿದ್ರು. ಬರ್ಕೊಳ್ಳಿ ಸಿಸ್ಟರ್."

ಸಭೆಯ ಪುಸ್ತಕದಲ್ಲಿ ನಾಲ್ಕು ಹೆಸರುಗಳ ಮುಂದೆ ಹಾಜರ್ ಎಂದು ಬರೆದಿದ್ದೆ. ಐದನೆಯದರ ಮುಂದೆ ಬರೆಯುವ ಮೊದಲು ಪುಸ್ತಕವನ್ನು ಮಡಚಿಟ್ಟು ಎದ್ದು ಮಂಚದ ಹತ್ತಿರ ಹೋದೆ. ವಾರ್ಡಿನಲ್ಲಿ ದಿನಾ ಬೆಳಗ್ಗೆ ಇಂಥ ರೋಗಿಗಳನ್ನು ಕೇಳುವ ಪ್ರಶ್ನೆಗಳಿರುತ್ತವೆ. ಅವನ್ನೇ ಕೇಳಿದೆ.

"ಮೇಷ್ಟ್ರೇ, ಇವತ್ತು ಯಾವ ವಾರ?"

"ಹೂಂ."

"ನಾನು ಯಾರು?"

"ಹೂಂ."

"ಸಿಸ್ಟರ್, ಇದು ನಿಮ್ಮ ವಾರ್ಡಲ್ಲ," ಎಂದರು ಅಧ್ಯಕ್ಷರು.

"ಗೊತ್ತು ಸಾರ್. ವಾರ್ಡಾಗಿದ್ರೆ ಇಷ್ಟು ಜನಾನ ಒಳಗೆ ಬಿಡ್ತಿರ್ಲಿಲ್ಲ."

ದಂತವೈದ್ಯರು ನಕ್ಕು, ಅಧ್ಯಕ್ಷರ ಮುಖ ನೋಡಿ ನಿಲ್ಲಿಸಿದರು. ನಾನು ಮೇಷ್ಟ್ರ ಕಡೆ ತಿರುಗಿ ಕೊನೆಯದನ್ನು ಕೇಳಿದೆ. "ಹೂಟಗಳ್ಳಿ ತರಗತಿ ನಡೆಸ್ಕೊಂಡು ಹೋಗೋಣ್ವಾ?"

"ಹೂಂ," ಅಂದರು. ಅದೇ ದನಿ, ಅಷ್ಟೇ ಎತ್ತರ.

ಕುರ್ಚಿಗೆ ವಾಪಸು ಬಂದು ಪುಸ್ತಕ ತೆರೆದು ಮೇಷ್ಟ್ರ ಹೆಸರಿನ ಮುಂದೆ ಗೈರು ಎಂದು ಬರೆದೆ. ಕಾಫಿ ಲೋಟ ತೆಗೆಯಲು ಬಂದಿದ್ದ ಅವರ ಹೆಂಡತಿ ನನ್ನ ಭುಜದ ಮೇಲಿಂದ ಅದನ್ನು ಓದಿದರು.

"ಗೈರು ಅಂತ ಬರೆದ್ರಾ?" ಎಂದರು. "ನಮ್ಮನೇಲೇ ಕೂತ್ಕೊಂಡು?"

ಅವರು ಬೆಳಗ್ಗೆ ಆರಕ್ಕೆದ್ದು ಅಂಗಿ ಇಸ್ತ್ರಿ ಮಾಡಿದ್ದರು. ಲೋಟಗಳನ್ನು ಅಲ್ಲೇ ಬಿಟ್ಟು, ಶಾಲನ್ನು ತೆಗೆದು ಮಡಚಿಕೊಂಡು ಒಳಗೆ ಹೋದರು. ನಾನು ಹೊರಡುವವರೆಗೂ ಬರಲಿಲ್ಲ. ತರಗತಿ ಉಳಿಸಲು ಬೇರೆ ಯಾವ ಪದವೂ ಇರಲಿಲ್ಲ ಎಂದು ಆ ದಿನದಿಂದ ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ಅವರಿಗೆ ಮೊದಲೇ ಹೇಳಿ ಒಪ್ಪಿಸಬಹುದಿತ್ತು. ಅದು ನನಗೆ ಹೊಳೆಯಲಿಲ್ಲ.

ಅಧ್ಯಕ್ಷರು ಜಗಳವಾಡಲಿಲ್ಲ. ಪುಸ್ತಕ ಇಸಿದುಕೊಂಡು ಅದರಲ್ಲೇ ಬರೆದಿದ್ದ ನಿಯಮವನ್ನು ಮತ್ತೊಮ್ಮೆ ಓದಿದರು. ಬದುಕಿರುವ ಎಂಬ ಪದದ ಕೆಳಗೆ ಅವರ ಬೆರಳು ನಿಂತದ್ದನ್ನು ನಾನು ಕಂಡೆ. ಮಂಚದ ಕಡೆ ಒಮ್ಮೆ ನೋಡಿದರು. "ಸರಿ ಬಿಡಿ. ಕಾಯೋಣ," ಎಂದರು. ವಿದುಷಿಯವರು ಸೆರಗು ಸರಿಮಾಡಿಕೊಂಡು ಎದ್ದರು. ಹನ್ನೊಂದು ಇಪ್ಪತ್ತಕ್ಕೆ ಸಭೆ ಮುಗಿಯಿತು.

ಅವರ ಕಾರು ತಿರುವು ದಾಟಿದ ಮೇಲೆ ಮೆಟ್ಟಿಲ ಹತ್ತಿರ ಬಂದೆ. ಆಕೆ ಎದ್ದು ನಿಂತಳು. ರಾತ್ರಿ ಶಿಫ್ಟು ಮುಗಿಸಿ ಸೀದಾ ಬಂದಿದ್ದಳು. ಕಂಪನಿಯ ಗುರುತಿನ ಚೀಟಿ ಇನ್ನೂ ಕೊರಳಲ್ಲಿತ್ತು. ಆದದ್ದನ್ನೆಲ್ಲ ಹೇಳಿದೆ. ಮೇಷ್ಟ್ರ ಹೆಸರು ಇರುವಷ್ಟು ದಿನ ಆಕೆ ಅವರ ಬದಲಿಯಾಗಿ ಪಾಠ ಮಾಡಬಹುದು, ಆಮೇಲೆ ಉಳಿದ ನಾಲ್ವರೇ ಪೂರ್ತಿ ಟ್ರಸ್ಟು, ಅದರಲ್ಲಿ ಮೂವರು ಮುಚ್ಚುವವರು ಎಂದೆ.

"ಅಂದ್ರೆ ಮೇಷ್ಟ್ರು ಇರೋಗಂಟ," ಎಂದಳು.

"ಹೌದು."

"ಎಷ್ಟ್ ದಿನ ಸಿಸ್ಟರ್?"

ಆಸ್ಪತ್ರೆಯಲ್ಲಿ ಈ ಪ್ರಶ್ನೆಗೆ ನಾನು ಎಂದೂ ಉತ್ತರ ಕೊಟ್ಟವಳಲ್ಲ, ಡಾಕ್ಟರರನ್ನು ಕೇಳಿ ಎನ್ನುತ್ತಿದ್ದೆ. ಆಕೆಗೆ ಹೇಳಿದೆ. "ಎರಡು ವಾರ. ಮೂರಾದ್ರೆ ಹೆಚ್ಚು."

ಆಕೆ ಅಳಲಿಲ್ಲ. ಬೆರಳು ಮಡಚಿ ಏನನ್ನೋ ಎಣಿಸಿದಳು.

"ಅಂಗಾದ್ರೆ ದೊಡ್ಡೋರ ಗುಂಪಿಗೆ ವರ್ಣದ ಪಾಠ ಶುರು ಮಾಡಕಿಲ್ಲ ಬುಡಿ, ಅದು ತಿಂಗ್ಳುಗಟ್ಲೆ ಹಿಡೀತದೆ. ಅರ್ಧಕ್ಕೆ ನಿಂತೋಗದು ಬ್ಯಾಡ. ಇರೋ ಗೀತೆನೇ ಮುಗಿಸ್ಬುಡ್ತೀನಿ."

ಮೇಷ್ಟ್ರನ್ನು ನೋಡಿ ಬರುತ್ತೇನೆಂದು ಚಪ್ಪಲಿ ಬಿಟ್ಟು ಒಳಗೆ ಹೋದಳು. ಬಾಗಿಲಿಂದಲೇ ಕೈಮುಗಿದು ನಿಂತು ವಾಪಸು ಬಂದಳು.

ಹೂಟಗಳ್ಳಿ ಕೋಣೆಯ ಬೀಗದ ಕೈಯನ್ನು ಸಭೆಗೆ ತರಬೇಕೆಂದು ಅಧ್ಯಕ್ಷರು ಹೇಳಿದ್ದರು, ತಂದಿದ್ದೆ. ಬ್ಯಾಗಿನಿಂದ ಬೀಗದ ಕೈಗಳ ಲೆಕ್ಕದ ಪುಸ್ತಕ ತೆಗೆದು ಕಾಂಪೌಂಡ್ ಗೋಡೆಯ ಮೇಲಿಟ್ಟೆ. ತಾರೀಖು, ವೇಳೆ, ಯಾವ ಕೋಣೆ ಎಂದು ಬರೆದು ಆಕೆಯ ಸಹಿ ತೆಗೆದುಕೊಂಡೆ. ವಾಪಸು ಕೊಡಬೇಕಾದ ದಿನ ಎಂಬ ಕಾಲಮ್ಮನ್ನು ನಾನು ಎಂದೂ ಖಾಲಿ ಬಿಟ್ಟವಳಲ್ಲ. ಆ ದಿನ ಬಿಟ್ಟೆ. ಆಕೆ ಬೀಗದ ಕೈಯನ್ನು ಗುರುತಿನ ಚೀಟಿಯ ದಾರಕ್ಕೇ ಸಿಕ್ಕಿಸಿಕೊಂಡು ಬಸ್ ಸ್ಟಾಪಿನ ಕಡೆ ನಡೆದಳು, ನಾಲ್ಕಕ್ಕೆ ಪಾಠವಿತ್ತು. ನಾನು ಮನೆಗೆ ಬಂದು ನಡವಳಿಯನ್ನು ಶುದ್ಧಪ್ರತಿ ಮಾಡಿ, ಐದನೆಯ ಹೆಸರಿನ ಮುಂದಿನ ಪದವನ್ನು ಹಾಗೇ ಉಳಿಸಿ, ಕೆಳಗೆ ಸಹಿ ಹಾಕಿದೆ.